ಇಪ್ಪತ್ತನೆಯ ಹೆಸರು

ಕಡೂರು
6-9-1976

ಚಿರಂಜೀವಿ ಷಣ್ಮುಖನಿಗೆ,

ಗೌರಿ ಹಬ್ಬ ಮುಗಿಸಿಕೊಂಡು ಬಂದು ನಾಲ್ಕು ದಿನವಾಯಿತು. ನಿನ್ನ ಮಗ ತೀರ್ಥಪ್ಪ ಅಜ್ಜಂಪುರದಲ್ಲಿ ಕಿಟಕಿ ಪಕ್ಕದ ಜಾಗವನ್ನೇ ಹಿಡಿದುಕೊಟ್ಟ. ಬೀರೂರಿನಲ್ಲಿ ಇಳಿದು ಬಸ್ಸು ಹತ್ತಿದೆ. ವಿಮಲಮ್ಮ ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳಿನ ಪುಡಿ ಈವತ್ತು ಬೆಳಿಗ್ಗೆ ಮುಗಿಯಿತು. ನಿನ್ನ ಹೆಂಡತಿಯ ಕೈರುಚಿಗೆ ನನ್ನ ಆಶೀರ್ವಾದ ತಿಳಿಸು.

ನನಗೆ ಅರವತ್ತೆರಡಾಯಿತು, ಈ ಊರಿಗೆ ಸೊಸೆಯಾಗಿ ಬಂದು ನಲವತ್ತೈದು ವರ್ಷ. ಇಷ್ಟಾದರೂ ಯಾರಾದರೂ ಯಾವೂರಮ್ಮ ನಿಮ್ಮದು ಅಂದರೆ, ಬುಕ್ಕಾಂಬುಧಿ ಕೆರೆಯ ಕೆಳಗಿನ ಊರು ಅಂತಲೇ ಬಾಯಿಗೆ ಬರುತ್ತದೆ. ಆ ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ನಿಂತರೆ ನನ್ನ ಮೊಣಕಾಲಿನ ನೋವು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಇದನ್ನು ಮೊದಲು ಬರೆದೆ, ಯಾಕೆಂದರೆ ಮುಂದೆ ಬರೆಯುವುದು ಬೈಗುಳ. ತವರಿನ ಮೇಲೆ ಪ್ರೀತಿ ಕಮ್ಮಿಯಾಗಿ ಬೈಯುತ್ತಿದ್ದಾಳೆ ಅಂದುಕೊಳ್ಳಬೇಡ.

ನೀನು ಸ್ನಾನಕ್ಕೆ ಹೋಗಿದ್ದಾಗ ಪಡಸಾಲೆಯ ಮೇಜಿನ ಮೇಲೆ ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ ಕ್ಯಾಂಪಿನ ಪಟ್ಟಿ ಇತ್ತು. ನಿಮ್ಮ ಭಾವ ರೈಲ್ವೆಯಲ್ಲಿದ್ದಾಗ ಸ್ಟೇಷನ್ ಬೋರ್ಡು ನೋಡಿ ಅಕ್ಷರ ಕಲಿತವಳು ನಾನು. ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡುವುದು ನನಗೆ ಆಗುವುದಿಲ್ಲ. ‘ರಂಗಪ್ಪ ಬಿನ್ ಹನುಮಂತಯ್ಯ, ಮಕ್ಕಳು ಎರಡು’ ಅಂತ ಇತ್ತು. ನಮ್ಮ ಹೊಲದ ಕೆಲಸದ ರಂಗಪ್ಪನಿಗೆ ಎರಡು ಮಕ್ಕಳು ಎಲ್ಲಿಂದ ಬಂದವು ಷಣ್ಮುಖ? ಹೆಣ್ಣು ಕೂಸು ಹೋದ ಬೇಸಿಗೆಯಲ್ಲಿ ದಡಾರದಿಂದ ತೀರಿಕೊಂಡಿತಲ್ಲ. ಎರಡಿದ್ದರೇ ಪಟ್ಟಿಗೆ ಸೇರುವುದು ಅಂತ ಸತ್ತ ಕೂಸನ್ನು ಸರ್ಕಾರದ ಕಾಗದದಲ್ಲಿ ಬದುಕಿಸಿದ್ದೀಯ.

ಅವನ ಹೆಂಡತಿ ದುರ್ಗಮ್ಮ ಹಿತ್ತಿಲಿಗೆ ಬಂದು ನನ್ನೊಂದಿಗೆ ಮಾತಾಡಿದಳು. ಸೈಟಿನ ಹಕ್ಕುಪತ್ರ ಬೇಕಾದರೆ ಗಂಡನನ್ನು ಕ್ಯಾಂಪಿಗೆ ಕಳಿಸು ಅಂತ ನೀನು ಹೇಳಿದೆಯಂತೆ. “ನಂಗಿನ್ನೊಂದು ಕೂಸು ಬೇಕು ಕಣ್ರವ್ವ” ಅಂದಳು. ಅಷ್ಟೇ ಅಂದದ್ದು.

ಅದೇ ದಿನ ಸಂಜೆ ವಿಮಲಮ್ಮ ನಿಮ್ಮ ಸೊಸೆ ಮಲ್ಲಿಕಾಂಬಳಿಗೆ ಮಡಿಲು ತುಂಬಿದಳು. ಅಕ್ಕಿ, ಕೊಬ್ಬರಿ, ಬೆಲ್ಲ ಎಲ್ಲ ಹಾಕಿ, ಬರುವ ಗೌರಿಯ ಹೊತ್ತಿಗೆ ತೊಡೆಯ ಮೇಲೆ ಗಂಡುಮಗ ಇರಲಿ ಅಂತ ಹರಸಿದಳು. ನೀವೆಲ್ಲ ಆರತಿ ತಟ್ಟೆ ನೋಡುತ್ತಿದ್ದಿರಿ, ನಾನು ಆ ಹುಡುಗಿಯ ಮುಖ ನೋಡಿದೆ. ಮೂರು ಹೆಣ್ಣು ಹೆತ್ತು ಇಪ್ಪತ್ತೈದಕ್ಕೇ ನಲವತ್ತರವಳ ಹಾಗೆ ಕಾಣುತ್ತಾಳೆ. ಸೆರಗಿನ ಅಂಚಿನಿಂದ ಅಕ್ಕಿ ಸೋರುತ್ತಿದ್ದರೂ ಎತ್ತಿ ಹಿಡಿಯಲಿಲ್ಲ.

ಹಿತ್ತಿಲಲ್ಲಿ ಬೇಕು ಅನ್ನುವವಳಿಗೆ ಬೇಡ ಅನ್ನುತ್ತೀರಿ. ನಡುಮನೆಯಲ್ಲಿ ಬೇಡ ಅನ್ನುವವಳಿಗೆ ಬೇಕು ಅನ್ನುತ್ತೀರಿ. ಇದ್ಯಾವ ನ್ಯಾಯ? ರಂಗಪ್ಪನ ಹೆಸರು ಹೊಡೆದುಹಾಕು. ಸೊಸೆಯನ್ನು ಅವಳ ಪಾಡಿಗೆ ಬಿಡು.

ನಿನ್ನ ಅಕ್ಕ
ವಿಶಾಲಾಕ್ಷಮ್ಮ


ಊರಿಂದ
21-9-1976

ಅಕ್ಕನಿಗೆ ಷಣ್ಮುಖಪ್ಪ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಬಂತು. ಇಂಥ ವಿಷಯವನ್ನೆಲ್ಲ ಕಾಗದದಲ್ಲಿ ಬರೆಯಬೇಡ. ಕಾಲ ಮೊದಲಿನ ಹಾಗಿಲ್ಲ. ಅಂಚೆಯವನೂ ಓದುತ್ತಾನೆ, ಬೇರೆಯವರೂ ಓದುತ್ತಾರೆ.

ಕಡೂರಿನಲ್ಲಿ ಕೂತವಳಿಗೆ ಚೇರ್ಮನ್ ಆದವನ ಪಾಡು ತಿಳಿಯುವುದಿಲ್ಲ. ನಮ್ಮ ಪಂಚಾಯಿತಿಗೆ ಇಪ್ಪತ್ತು ಕೇಸು ಅಂತ ನಿಗದಿಯಾಗಿದೆ. ಪ್ರತಿ ಸೋಮವಾರ ತಾಲ್ಲೂಕು ಮೀಟಿಂಗಿನಲ್ಲಿ ಸಾಹೇಬರು ನಿಲ್ಲಿಸಿ ಕೇಳುತ್ತಾರೆ. ಇಸ್ಕೂಲು ಮೇಷ್ಟರ ಸಂಬಳವನ್ನೇ ತಡೆದಿದ್ದಾರೆ. ಕೆರೆ ತೂಬಿನ ರಿಪೇರಿ ಮಂಜೂರಾಗಬೇಕು, ಬೋರ್‌ವೆಲ್ ಬರಬೇಕು. ಎಲ್ಲಕ್ಕೂ ಮೊದಲು ‘ನಿಮ್ಮ ಇಪ್ಪತ್ತು ಏನಾಯ್ತು ಚೇರ್ಮನ್ರೇ’ ಅನ್ನುತ್ತಾರೆ. ಹದಿನೇಳು ಆಗಿದೆ. ಊರಿಗೆ ನೀರು ತರುವುದಕ್ಕೆ ಮಾಡುತ್ತಿದ್ದೇನೆ, ನನ್ನ ಮನೆಗೆ ಅಲ್ಲ. ರಂಗಪ್ಪ ತಾನಾಗಿಯೇ ಒಪ್ಪಿದ್ದಾನೆ. ಹೆಬ್ಬೆಟ್ಟು ಒತ್ತಿದ್ದಾನೆ.

ನಮ್ಮ ಮನೆಯ ವಿಷಯ ಬೇರೆ. ನಲವತ್ತು ಎಕರೆ ಇದೆ, ಮಠದಲ್ಲಿ ತಾತನ ಕಾಲದಿಂದ ನಮ್ಮ ಹೆಸರಿದೆ. ಅದನ್ನು ಹೊರುವುದಕ್ಕೆ ಒಬ್ಬ ಬೇಡವೇ? ಮಲ್ಲಿಕಾಂಬ ಆರಾಮಾಗಿದ್ದಾಳೆ. ಮಡಿಲು ತುಂಬಿದಾಗ ಅಕ್ಕಿ ಸೋರಿತು ಅಂತ ಬರೆದಿದ್ದೀಯ, ಅವತ್ತು ಬೆಳಗಿನಿಂದ ಉಪವಾಸ ಇದ್ದಳು, ಅದಕ್ಕೆ.

ಹೆಸರುಕಾಳು ಬಂದಿದೆ. ತೀರ್ಥಪ್ಪನ ಕೈಲಿ ಕಳಿಸುತ್ತೇನೆ.

ಷಣ್ಮುಖಪ್ಪ


ಕಡೂರು
4-10-1976

ಷಣ್ಮುಖನಿಗೆ ಆಶೀರ್ವಾದ.

ಹೆಸರುಕಾಳು ತಲುಪಿತು. ತೀರ್ಥಪ್ಪ ಕೊಬ್ಬರಿ ವ್ಯಾಪಾರ ಮುಗಿಸಿ ಬಂದು ಊಟ ಮಾಡಿಕೊಂಡು ಹೋದ. ಬೇರೆ ವಿಶೇಷವೇನೂ ಇಲ್ಲ.

ನೀನು ನನ್ನನ್ನು ತಪ್ಪು ತಿಳಿದಿದ್ದೀಯ. ಆಪರೇಷನ್ ಪಾಪ ಅನ್ನುವವಳಲ್ಲ ನಾನು. ಪಕ್ಕದ ಮನೆಯ ಈರಕ್ಕ ನಾಲ್ಕನೆಯದು ಹೆತ್ತ ಮೇಲೆ, ಸಾಕಮ್ಮ ಇನ್ನು, ನನ್ನ ಕರ್ಕೊಂಡು ಹೋಗಿ ಅಂದಳು. ಅವಳ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋದವಳು ನಾನೇ. ಎಂಟು ದಿನ ಗಂಜಿ ಕಾಯಿಸಿ ಕೊಟ್ಟೆ. ಈಗ ಹೂವಿನ ಹಾಗಿದ್ದಾಳೆ. ಅವಳು ಕೇಳಿದಳು, ಹೋದಳು. ನಿನ್ನ ಪಟ್ಟಿಯಲ್ಲಿ ಕೇಳಿಕೊಂಡು ಬಂದವರು ಎಷ್ಟು ಜನ?

ಹೆಬ್ಬೆಟ್ಟು ಒತ್ತಿದ್ದಾನೆ ಅನ್ನುತ್ತೀಯ. ಸೈಟು ಕೈಯಲ್ಲಿ ಹಿಡಿದುಕೊಂಡು ನೀನು ಎದುರಿಗೆ ನಿಂತರೆ ರಂಗಪ್ಪ ಹೆಬ್ಬೆಟ್ಟಲ್ಲ, ಹತ್ತು ಬೆರಳೂ ಒತ್ತುತ್ತಾನೆ. ಅದನ್ನು ಒಪ್ಪಿಗೆ ಅಂತ ಕರೆಯುವುದನ್ನು ನಿನಗೆ ನಾನು ಕಲಿಸಲಿಲ್ಲ. ಕಂಕುಳಲ್ಲಿ ಹೊತ್ತುಕೊಂಡು ಬಂದು ಐದು ವರ್ಷ ಈ ಮನೆಯಲ್ಲಿ ಸಾಕಿದಾಗ, ಒಂದು ತುತ್ತನ್ನೂ ನಿನ್ನ ಬಾಯಿಗೆ ತುರುಕಲಿಲ್ಲ. ಸಾಕು ಅಂದರೆ ತಟ್ಟೆ ಎತ್ತುತ್ತಿದ್ದೆ.

ಊರಿಗೆ ನೀರು ಬೇಕು, ನಿಜ. ಮೀಟಿಂಗಿನಲ್ಲಿ ನಿಂತು ಹದಿನೇಳಾಯಿತು, ಇನ್ನು ಯಾರೂ ಒಪ್ಪುತ್ತಿಲ್ಲ ಅನ್ನು. ಬೈದರೆ ಬೈಸಿಕೋ. ಚೇರ್ಮನ್ ಕುರ್ಚಿ ಇರುವುದು ಅದಕ್ಕೂ ಸೇರಿ.

ವಿಶಾಲಾಕ್ಷಮ್ಮ


ಊರಿಂದ
29-11-1976

ಅಕ್ಕನವರಿಗೆ,

ನಿಮಗೆ ಈಗ ಸಂತೋಷವಾಗಿರಬೇಕು.

ಅಜ್ಜಂಪುರದ ಕ್ಯಾಂಪು ಇಪ್ಪತ್ತೈದನೇ ತಾರೀಕು ಇತ್ತು. ಉಳಿದ ಮೂವರನ್ನು ಟ್ರಾಕ್ಟರಿನಲ್ಲಿ ಕರೆದುಕೊಂಡು ಬಾ ಅಂತ ತೀರ್ಥಪ್ಪನಿಗೆ ಹೇಳಿ, ನಾನು ಮುಂಚೆಯೇ ಬಸ್ಸಿನಲ್ಲಿ ಹೋದೆ. ಶಾಮಿಯಾನದ ಕೆಳಗೆ ಸಾಹೇಬರ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದರು. ಕಾಂಪೌಂಡರ್ ಒಂದೊಂದೇ ಹೆಸರು ಓದಿದ. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತನೆಯದು ‘ತೀರ್ಥಪ್ಪ ಬಿನ್ ಷಣ್ಮುಖಪ್ಪ, ಮಕ್ಕಳು ಮೂರು’ ಅಂತ ಓದಿದ. ಪಟ್ಟಿಯ ನಕಲು ತೆಗೆದವನು ತೀರ್ಥಪ್ಪನೇ, ಅವನ ಕೈಬರಹ ಚೆನ್ನಾಗಿದೆ ಅಂತ ನಾನೇ ಕೊಟ್ಟಿದ್ದೆ. ಓದದೆ ಕೆಳಗೆ ಸಹಿ ಹಾಕಿದವನೂ ನಾನೇ. ರಂಗಪ್ಪನನ್ನು ಅವನು ರಾಗಿ ಕೊಯ್ಲಿಗೆ ಕಳಿಸಿ ಬಂದಿದ್ದ.

ನಾನು ಎದ್ದು ನಿಂತೆ. ಅಷ್ಟರಲ್ಲಿ ಸಾಹೇಬರು ಎದ್ದು, “ನೋಡಿ, ಚೇರ್ಮನ್ರು ಸ್ವಂತ ಮಗನನ್ನೇ ಕರೆತಂದಿದ್ದಾರೆ” ಅಂತ ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನನ್ನ ಕೊರಳಿಗೆ ಹಾರ ಬಿತ್ತು. ಹಾರ ಹಾಕಿಸಿಕೊಂಡು ನಾನು ನಗಬೇಕಾಯಿತು. ಪರದೆಯ ಆಚೆ ನನ್ನ ಮನೆ ಮುಗಿಯುತ್ತಿತ್ತು, ಈಚೆ ನಾನು ಕೈಮುಗಿದುಕೊಂಡು ನಗುತ್ತಿದ್ದೆ.

ಮನೆಗೆ ಬಂದು ಕೇಳಿದರೆ, ಮಾಡಿಸಿಕೊಂಡವನು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಅಂತ ಹೇಳಿ ಮಲಗಿದ. ಇಪ್ಪತ್ತೆಂಟು ವರ್ಷ ಎದುರು ಮಾತಾಡದ ಹುಡುಗ. ಈ ಮಾತು ಅವನಿಗೆ ಎಲ್ಲಿ ಸಿಕ್ಕಿತು ಅಂತ ನನಗೆ ಗೊತ್ತು. ಹೆಸರುಕಾಳು ಕಳಿಸಿದ ದಿನವೇ ಸಿಕ್ಕಿದೆ.

ವಿಮಲಮ್ಮ ಮೂರು ದಿನದಿಂದ ಒಲೆ ಹಚ್ಚಿಲ್ಲ. ಇನ್ನು ಮುಂದೆ ಕಾಗದ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ.

ಷಣ್ಮುಖಪ್ಪ


ಕಡೂರು
5-12-1976

ಷಣ್ಮುಖನಿಗೆ,

ಬರೆಯಬೇಡಿ ಅಂದೆ ನೀನು, ಆದರೂ ಬರೆಯುತ್ತಿದ್ದೇನೆ. ನನಗೆ ‘ನೀವು’ ಅಂದಿದ್ದೀಯ. ನಲವತ್ತೆಂಟು ವರ್ಷದಲ್ಲಿ ಇದೇ ಮೊದಲು. ಅದೊಂದು ಅಕ್ಷರ ಓದಲು ನನಗೆ ಕಷ್ಟವಾಯಿತು, ಉಳಿದದ್ದು ಆಗಲಿಲ್ಲ.

ಬೇರೆ ವಿಶೇಷವೇನೂ ಇಲ್ಲ ಅಂತ ನಾನು ಬರೆದದ್ದು ಸುಳ್ಳು. ತೀರ್ಥಪ್ಪ ಅವತ್ತು ಊಟಕ್ಕೆ ಕೂತವನು ಅನ್ನ ಕಲಸಿಕೊಂಡು ಹಾಗೇ ಕೂತಿದ್ದ. ಕೇಳಿದ್ದಕ್ಕೆ, ಮೂರನೇ ಹೆರಿಗೆಯ ಕಥೆಯನ್ನೆಲ್ಲ ಹೇಳಿದ. ರಕ್ತ ನಿಲ್ಲದೆ ಮಲ್ಲಿಕಾಂಬಳನ್ನು ಟ್ರಾಕ್ಟರಿನಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ತರೀಕೆರೆಗೆ ಓಡಿದ್ದು, ಎರಡು ಬಾಟಲಿ ರಕ್ತ ಕೊಟ್ಟದ್ದು, ಇನ್ನೊಂದು ಹೆರಿಗೆಯಾದರೆ ಈ ಜೀವ ಉಳಿಯುವುದಿಲ್ಲ ಅಂತ ಡಾಕ್ಟರು ನಿನಗೆ ಮುಖಕ್ಕೆ ಹೇಳಿದ್ದು. ನನಗೆ ನೀನು ಆಗ ಬರೆದದ್ದು ‘ಹೆಣ್ಣು, ಬಾಣಂತಿ ಕ್ಷೇಮ’ ಅಂತ ಒಂದೇ ಸಾಲು. ಮೊನ್ನೆ ಬರೆದದ್ದು ‘ಆರಾಮಾಗಿದ್ದಾಳೆ’ ಅಂತ. ನಾನು ಒಂದು ಮುಚ್ಚಿಟ್ಟೆ, ನೀನೂ ಒಂದು ಮುಚ್ಚಿಟ್ಟಿದ್ದೆ. ಯಾವುದು ದೊಡ್ಡದು ಅಂತ ನೀನೇ ನೋಡಿಕೋ.

“ಮಲ್ಲಿ ಸತ್ರೆ ಗಂಡುಮಗನ್ನ ತಗೊಂಡು ನಾನೇನ್ ಮಾಡ್ಲಿ ಅತ್ತೆ?” ಅಂದ ನಿನ್ನ ಮಗ. ನಾನು ಇದನ್ನು ಮಾಡು, ಅದನ್ನು ಮಾಡು ಅನ್ನಲಿಲ್ಲ. ಮೊದಲು ಅವಳನ್ನು ಕೇಳು ಅಂದೆ. ಊರಿಗೆ ಹೋಗಿ ಕೇಳಿದ್ದಾನೆ. ಹದಿನೈದು ದಿನ ಬಿಟ್ಟು ಬಂದು ಅವಳ ಉತ್ತರ ಹೇಳಿದ. “ನಾನು ಆಸ್ಪತ್ರೆಗೆ ಹೊರಟರೆ ಮಾವ ಬಾಗಿಲಲ್ಲೇ ತಡೆಯುತ್ತಾರೆ, ನೀವು ಹೊರಟರೆ ಅವರೇ ಟ್ರಾಕ್ಟರಿಗೆ ಡೀಸೆಲ್ ಹಾಕಿಸಿ ಕಳಿಸುತ್ತಾರೆ” ಅಂದಳಂತೆ. ಆ ಹುಡುಗಿಗೆ ಬಾಯಿಲ್ಲ ಅಂದುಕೊಂಡಿದ್ದೆವು, ನೋಡು. ಆಪರೇಷನ್ ಆದ ಮೇಲೂ ಮೂರು ತಿಂಗಳು ಜೋಪಾನವಾಗಿರಬೇಕು ಅಂತ ಕರಪತ್ರದಲ್ಲಿ ಇದ್ದುದನ್ನು ಎರಡು ಸಲ ಓದಿ ಹೇಳಿದೆ. ನಾನು ಮಾಡಿದ್ದು ಇಷ್ಟು. ಇದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಇಪ್ಪತ್ತು ಮುಗಿಯಿತಲ್ಲ. ರಂಗಪ್ಪನ ಹಕ್ಕುಪತ್ರ ಕೊಟ್ಟುಬಿಡು.

ಅಕ್ಕ


ಊರಿಂದ
18-4-1977

ಅಕ್ಕನಿಗೆ ನಮಸ್ಕಾರ.

ನಿನ್ನ ಸಂಕ್ರಾಂತಿಯ ಕಾಗದ, ಶಿವರಾತ್ರಿಯ ಕಾಗದ ಎರಡೂ ಬಂದಿದ್ದವು. ಉತ್ತರ ಬರೆಯುವ ಮನಸ್ಸಿರಲಿಲ್ಲ.

ಚುನಾವಣೆ ಆದ ಮೇಲೆ ಗಾಳಿ ಬದಲಾಗಿದೆ. ಅವತ್ತು ಮೈಕಿನಲ್ಲಿ ಹೊಗಳಿದ ಸಾಹೇಬರು ವರ್ಗವಾಗಿ ಹೋದರು, ನಾನು ಇಲ್ಲೇ ಇದ್ದೇನೆ. ಹೋಟೆಲಿಗೆ ಹೋದರೆ ಕಲ್ಲಪ್ಪ ಎಲ್ಲರ ಮುಂದೆ, “ಹಾರ ಒಣಗ್ತೇನ್ರೀ ಚೇರ್ಮನ್ರೇ?” ಅನ್ನುತ್ತಾನೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬರುತ್ತೇನೆ. ರಂಗಪ್ಪನ ಹಕ್ಕುಪತ್ರ ಕೊಟ್ಟೆ. ಗೋಡೆ ಎಬ್ಬಿಸುತ್ತಿದ್ದಾನೆ.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. ಕತ್ತರಿಸಿದ್ದನ್ನು ಮತ್ತೆ ಕೂಡಿಸುವ ಡಾಕ್ಟರು ದೊಡ್ಡ ಊರುಗಳಲ್ಲಿ ಇದ್ದಾರಂತೆ. ಎಷ್ಟೋ ಜನ ಹೋಗುತ್ತಿದ್ದಾರೆ. ತೀರ್ಥಪ್ಪನಿಗೆ ನಾನು ಹೇಳಿದೆ, ಅವರಮ್ಮ ಅತ್ತಳು. ಕೇಳುತ್ತಿಲ್ಲ. ನಿನ್ನ ಮಾತು ಕೇಳುತ್ತಾನೆ. ಮಲ್ಲಿಕಾಂಬಳನ್ನು ಈ ಸಲ ಮೊದಲೇ ತರೀಕೆರೆಯಲ್ಲಿ ಇಡೋಣ, ಮೂರು ತಿಂಗಳು ಮುಂಚೆಯೇ ಇಡೋಣ, ನಾನೇ ಪಕ್ಕದಲ್ಲಿ ಕೂರುತ್ತೇನೆ. ಒಂದೇ ಒಂದು ಗಂಡು ಅಕ್ಕ. ಆಮೇಲೆ ನಾನೇನೂ ಕೇಳುವುದಿಲ್ಲ.

ಷಣ್ಮುಖ


ಕಡೂರು
26-4-1977

ನನ್ನಪ್ಪ ಷಣ್ಮುಖ,

‘ಒಂದೇ ಒಂದು ಗಂಡು’ ಅಂತ ಬರೆದಿದ್ದೀಯ. ಆ ಮಾತನ್ನು ನಮ್ಮ ಮನೆಯಲ್ಲಿ ನಾನು ಮೊದಲೇ ಕೇಳಿದ್ದೇನೆ. ನಿನಗೆ ಹೇಳಬಾರದು ಅಂತ ನಲವತ್ತಾರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಹೇಳುತ್ತೇನೆ, ಕೂತುಕೊಂಡು ಓದು.

ಅವ್ವ ಜ್ವರದಲ್ಲಿ ಹೋದಳು ಅಂತ ನಿನ್ನನ್ನು ನಂಬಿಸಿದ್ದೇವೆ. ಜ್ವರವಲ್ಲ. ನನ್ನ ನಂತರ ಹುಟ್ಟಿದ ಐದೂ ಹೆಣ್ಣೇ, ಒಂದೂ ಉಳಿಯಲಿಲ್ಲ. ಏಳನೆಯವನು ನೀನು. ನೀನು ಹುಟ್ಟಿದ ದಿನ ಅಪ್ಪ ಕೆರೆ ಏರಿಯ ತನಕ ವಾಲಗ ಊದಿಸಿದ. ಅವ್ವ ಸೂಲಗಿತ್ತಿಯ ಕೈ ಹಿಡಿದು, ಸಾಕು ತಾಯಿ, ನನ್ನ ಕೆಲಸ ಮುಗಿಯಿತು ಅಂದಳು. ಅಜ್ಜಿ ಒಪ್ಪಲಿಲ್ಲ. ಇದಕ್ಕೊಂದು ಜೊತೆ ಬೇಡವೇ, ಒಂದೇ ಒಂದು ಗಂಡು ಹೆತ್ತುಕೊಟ್ಟುಬಿಡು, ಆಮೇಲೆ ಕೇಳುವುದಿಲ್ಲ ಅಂದಳು. ಅಪ್ಪ ಸುಮ್ಮನಿದ್ದ. ನಿನಗೆ ಎರಡು ತುಂಬಿದಾಗ ಅವ್ವ ಎಂಟನೆಯದರಲ್ಲಿ ಹೋದಳು, ಕೂಸೂ ಹೋಯಿತು. ನಾನು ಬಾಣಂತಿ ಕೋಣೆಯಲ್ಲಿ ದೀಪ ಹಿಡಿದು ನಿಂತಿದ್ದೆ. ಹದಿನಾರು ನನಗೆ. ಅವಳು ಕೊನೆಗೆ ಹೇಳಿದ್ದು ನಿನ್ನ ಹೆಸರಲ್ಲ, ನನ್ನ ಹೆಸರೂ ಅಲ್ಲ. “ಸಾಕು ಅಂದಿದ್ದೆನಲ್ಲೇ” ಅಂದಳು.

ನೀನು ಯಾವ ತಪ್ಪೂ ಮಾಡಿರಲಿಲ್ಲ, ಮಗು. ಅದಕ್ಕೇ ಹೇಳಲಿಲ್ಲ. ಆದರೆ ಈಗ ಅಜ್ಜಿಯ ಮಾತನ್ನು ನೀನು ಆಡುತ್ತಿದ್ದೀಯ, ಅಕ್ಷರಕ್ಕೆ ಅಕ್ಷರ. ಅಪ್ಪನ ಹಾಗೆ ನಾನು ಸುಮ್ಮನಿರುವುದಿಲ್ಲ. ಮತ್ತೆ ಕೂಡಿಸಿಕೋ ಅಂತ ತೀರ್ಥಪ್ಪನಿಗೆ ನಾನು ಹೇಳುವುದಿಲ್ಲ. ನೀನೂ ಹೇಳಬೇಡ.

ನಿನ್ನ ಅಕ್ಕ


ಕಡೂರು
20-9-1977

ಷಣ್ಮುಖನಿಗೆ,

ಗೌರಿ ಹಬ್ಬ ಆಯಿತು. ಈ ಸಲ ಕರೆಯಲು ಯಾರೂ ಬರಲಿಲ್ಲ. ನಾಲ್ಕು ದಿನ ಮುಂಚೆಯೇ ಸೀರೆ ತೆಗೆದಿಟ್ಟುಕೊಂಡು ಕೂತಿದ್ದೆ, ಮುಚ್ಚುಮರೆ ಯಾಕೆ? ಏಪ್ರಿಲ್‌ನಿಂದ ಉತ್ತರವಿಲ್ಲ. ಬೇಜಾರಾಯಿತು. ಬೇಜಾರಾಯಿತು ಅಂತ ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ ಅಂದುಕೊಂಡಿದ್ದರೆ ಅದು ಆಗುವುದಿಲ್ಲ.

ತವರು ನನ್ನನ್ನು ಬಿಟ್ಟರೂ ನಾನು ಬಿಡುವವಳಲ್ಲ. ಬೀರೂರು ಸ್ಟೇಷನ್ನು ಯಾರಪ್ಪನ ಮನೆಯದೂ ಅಲ್ಲ, ಟಿಕೆಟ್ಟು ತೆಗೆದುಕೊಂಡು ಬರಲು ನನಗೆ ಗೊತ್ತು. ಕರೆದರೆ ಹೊಸಿಲು ದಾಟಿ ಬರುತ್ತೇನೆ. ಕರೆಯದಿದ್ದರೆ ಕೆರೆ ಏರಿಯ ಮೇಲೆ ಕೂತು ನೋಡಿಕೊಂಡು ಹೋಗುತ್ತೇನೆ.

ವಿಶಾಲಾಕ್ಷಮ್ಮ


ಊರಿಂದ
12-10-1977

ಅಕ್ಕ,

ಏಪ್ರಿಲ್ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಉತ್ತರ ಬರೆಯಲು ಕೂತಾಗಲೆಲ್ಲ ‘ಅವ್ವ’ ಅಂತ ಬರೆದು ನಿಲ್ಲಿಸುತ್ತಿದ್ದೆ. ಹಬ್ಬಕ್ಕೆ ಕರೆಯಲು ಯಾವ ಮುಖ ಹೊತ್ತು ಬರಲಿ ಅಂತ ಸುಮ್ಮನಾದೆ. ಕೋಪದಿಂದಲ್ಲ.

ಹೋದ ವಾರ ದುರ್ಗಮ್ಮ ಹೆತ್ತಳು. ಹೆಣ್ಣು. ಮಾರನೇ ದಿನ ಬೆಳಿಗ್ಗೆ ನಾನು ಜಗಲಿಯ ಮೇಲಿದ್ದೆ. ರಂಗಪ್ಪ ಒಂದು ತಟ್ಟೆ ಹಿಡಿದುಕೊಂಡು ಬೀದಿಯಲ್ಲಿ ಸಕ್ಕರೆ ಹಂಚುತ್ತ ಬಂದ. ಪಕ್ಕದ ಬೆನಕಪ್ಪನ ಮನೆಗೆ ಕೊಟ್ಟ, ನಮ್ಮ ಮನೆ ದಾಟಿ ಮುಂದಕ್ಕೆ ಹೋದ. ಲೇ ರಂಗಪ್ಪ, ನಮ್ಮನೆ ಕಾಣಲಿಲ್ಲವೇನೋ ಅಂತ ಕರೆದೆ. ಹಿಂದಕ್ಕೆ ಬಂದು ತಲೆ ತಗ್ಗಿಸಿ ನಿಂತ.

“ಹೆಣ್ಣು ಮಗೀದು ಬುದ್ಧಿ. ಹೆಣ್ಣಿಗೆ ನಿಮ್ಮನೇಲಿ ಹಂಚಾಕಿಲ್ವಲ್ಲ, ತಿನ್ನಾಕೂ ಇಲ್ವೇನೋ ಅಂದ್ಕಂಡೆ” ಅಂದ.

ಅವನು ಚುಚ್ಚಲು ಅಂದದ್ದಲ್ಲ. ನಿಜವಾಗಿಯೂ ಹಾಗೆಂದುಕೊಂಡಿದ್ದ. ಅಕ್ಕ, ಆ ಕೂಸನ್ನು ಇಲ್ಲ ಅನ್ನಿಸಲು ನಾನು ಸತ್ತ ಕೂಸನ್ನು ಇದೆ ಅಂತ ಬರೆದಿದ್ದೆ. ಕೆಳಗಿಳಿದು ಕೈ ಒಡ್ಡಿದೆ. ನಮ್ಮ ಕೈ ತಾಗದ ಹಾಗೆ ಮೇಲಿಂದ ಹಾಕಲು ತಟ್ಟೆ ಎತ್ತಿದ. ಹತ್ತಿರ ಬಾರೋ, ಚೆಲ್ಲಿಹೋಗುತ್ತೆ ಅಂದೆ. ಬಂದ.

ಮೊಮ್ಮಕ್ಕಳು ಮೂವರೂ ಓಡಿಬಂದು ನನ್ನ ಅಂಗೈಯಿಂದಲೇ ನೆಕ್ಕಿದರು. ಯಾರ ಮನೆಯದು ತಾತ ಅಂತ ದೊಡ್ಡವಳು ಕೇಳಿದಳು. ರಂಗಪ್ಪನ ಮನೆಯಲ್ಲಿ ಹೆಣ್ಣು ಹುಟ್ಟಿದೆ ಅಂದೆ. ಎಂಟು ವರ್ಷದ್ದು ಅದು. ನನ್ನ ಮುಖ ನೋಡಿ, “ಹೆಣ್ಣು ಹುಟ್ಟಿದ್ರೂ ಸಕ್ಕರೆ ಕೊಡ್ತಾರಾ ತಾತ?” ಅಂತು.

ಮಲ್ಲಿಕಾಂಬ ಬಾಗಿಲಲ್ಲಿ ನಿಂತಿದ್ದಳು.

ಮತ್ತೆ ಕೂಡಿಸುವ ಡಾಕ್ಟರ ಮಾತು ಬಿಟ್ಟಿದ್ದೇನೆ. ತೀರ್ಥಪ್ಪನನ್ನೂ ಮಲ್ಲಿಕಾಂಬಳನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ. ಅವಳು ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ವಿಮಲಮ್ಮ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಅವಳಿಗೆ ಅವ್ವನ ವಿಷಯ ನೀನೇ ಬಂದು ಹೇಳಬೇಕು, ನನಗೆ ಹೇಳಲು ಬರುವುದಿಲ್ಲ. ಭಾನುವಾರ ತೀರ್ಥಪ್ಪ ನಿನ್ನನ್ನು ಕರೆಯಲು ಬರುತ್ತಾನೆ.

ನಿನ್ನೆ ಅಜ್ಜಂಪುರದಿಂದ ಐದು ಕೆಜಿ ಸಕ್ಕರೆ ತರಿಸಿದೆ. ತಟ್ಟೆ ಹಿಡಿದುಕೊಂಡು ನಾನೇ ಹೊರಟೆ, ಮೂವರೂ ಹಿಂದೆ ಬಂದರು. ಬೀದಿ ಕೊನೆಯ ಮನೆಯ ತಿಮ್ಮಕ್ಕ, “ಇದೇನ್ರೀ ಚೇರ್ಮನ್ರೇ, ಯಾರು ಹೆತ್ರು?” ಅಂದಳು.

“ನಮ್ಮ ಸೊಸೆ ಕಣಮ್ಮ. ಮೂರು ಹೆಣ್ಣು” ಅಂದೆ.

ಷಣ್ಮುಖ